ಬಾರದ ಹಾಗೆ ನೋಡಿಕೊಳ್ಳುವುದು

(ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ, ಎಳೆದಾಡಿದ್ದನ್ನು ಕತ್ತರಿಸಿದ್ದೇನೆ.)

ನನ್ನ ವೃತ್ತಿ ಅನುವಾದ. ಕಥೆ, ಕಾದಂಬರಿಗಳದ್ದಲ್ಲ, ಸುತ್ತೋಲೆ, ಕರಪತ್ರ, ಅರ್ಜಿ ನಮೂನೆ, ಗೋಡೆಗೆ ಅಂಟಿಸುವ ಸೂಚನೆ ಇಂಥವುಗಳದ್ದು. ಪುಟಕ್ಕಿಷ್ಟು ಎಂದು ಹಣ. ಈ ಕಸುಬಿನಲ್ಲಿ ತಪ್ಪು ಮಾಡಿದರೆ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಕಚೇರಿಯ ಕನ್ನಡವನ್ನು ಓದುವವರೇ ಕಡಿಮೆ, ಓದಿ ನಂಬುವವರು ಇನ್ನೂ ಕಡಿಮೆ. ಒಮ್ಮೆ ಮಾತ್ರ ಓದಿದರು, ನಂಬಿಯೂ ಬಿಟ್ಟರು.

ಹಲವು ವರ್ಷಗಳ ಹಿಂದಿನ ಮಾತು. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಫ್ಲೋರೋಸಿಸ್ ಕುರಿತು ಶಿಬಿರ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಈ ರೋಗವನ್ನು ರಾಯಚೂರು, ಕೊಪ್ಪಳದವರಿಗೆ ಪರಿಚಯಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬಂದ ಶೀರ್ಷಿಕೆಯಲ್ಲಿ ‘ಪ್ರಿವೆನ್ಶನ್’ ಎಂದಿತ್ತು. ನಾನು ಹೆಚ್ಚು ಯೋಚಿಸದೆ ‘ಫ್ಲೋರೋಸಿಸ್ ನಿವಾರಣಾ ಶಿಬಿರ’ ಎಂದು ಬರೆದುಕೊಟ್ಟೆ. ಬ್ಯಾನರ್ ಅಂದವಾಗಿಯೇ ಬಂತು. ಶಾಲೆಯ ಅಂಗಳದಲ್ಲಿ ಬೇವಿನ ಮರಕ್ಕೂ ಕಿಟಕಿಯ ಸರಳಿಗೂ ಅದನ್ನು ಕಟ್ಟಿದ್ದರು. ನನ್ನ ಅಕ್ಷರ ಗಾಳಿಗೆ ಉಬ್ಬುವುದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹಿರಿಯರನ್ನು ಮೊಮ್ಮಗ ಬೈಕಿನ ಮೇಲೆ ಕರೆತಂದ. ಅವರನ್ನು ಇಳಿಸುವುದಕ್ಕೆ ಇಬ್ಬರು ಬೇಕಾಯಿತು. ಬೆನ್ನು ಸೊಂಟದ ಬಳಿ ಮಡಿಸಿಟ್ಟಂತೆ ಬಾಗಿತ್ತು. ಕತ್ತು ತಿರುಗುತ್ತಿರಲಿಲ್ಲ, ಎದುರಿಗೆ ನಿಂತವರ ಮುಖ ನೋಡಬೇಕಾದರೆ ಇಡೀ ಮೈಯನ್ನೇ ಓರೆ ಮಾಡಬೇಕಿತ್ತು. ಹಾಗೆ ಓರೆಯಾಗಿ ನನ್ನನ್ನು ನೋಡಿ ಕೇಳಿದರು: “ನಿವಾರಣೆ ಎಂದು ಬರೆಸಿದ್ದೀರಲ್ಲ, ಎಷ್ಟು ದಿನ ಹಿಡಿಯುತ್ತದೆ?” ಅವರ ಹಿಂದೆ ಹದಿನೈದು ಹದಿನಾರರ ಹುಡುಗಿ. ವೇಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡೇ ಮಾತನಾಡುತ್ತಿದ್ದಳು. ವೈದ್ಯರು ಕೇಳಿದಾಗ ವೇಲು ಸರಿಸಿದಳು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಎರಡು ಹಲ್ಲಿನ ಅಂಚು ಸವೆದು ಸಣ್ಣ ಗುಂಡಿ. ಅವಳ ತಾಯಿ ಸೆರಗಿನ ಗಂಟಿನಲ್ಲಿ ಹಣ ಕಟ್ಟಿಕೊಂಡು ಬಂದಿದ್ದರು, ಔಷಧಿಗೆಂದು.

ವೈದ್ಯರು ಸಮಾಧಾನದ ಮನುಷ್ಯ. ಆದರೂ ಅವರು ಹೇಳಬೇಕಾದದ್ದು ಸಮಾಧಾನದ ಮಾತಾಗಿರಲಿಲ್ಲ. ಆ ಹುಡುಗಿಯ ಹಲ್ಲು ಕೆಟ್ಟದ್ದು ಈಗಲ್ಲ. ಹಲ್ಲು ಹೊರಗೆ ಕಾಣುವ ಮೊದಲೇ, ವಸಡಿನ ಒಳಗೆ ರೂಪುಗೊಳ್ಳುತ್ತಿದ್ದಾಗಲೇ ಫ್ಲೋರೈಡ್ ತನ್ನ ಗುರುತು ಹಾಕಿಬಿಟ್ಟಿರುತ್ತದೆ. ಬುದ್ಧಿಹಲ್ಲನ್ನು ಬಿಟ್ಟರೆ ಶಾಶ್ವತ ಹಲ್ಲುಗಳ ಹೊರಕವಚ ಎಂಟು ವರ್ಷದ ಸುಮಾರಿಗೆ ಸಿದ್ಧವಾಗಿ ಮುಗಿದಿರುತ್ತದೆ. ಆಮೇಲೆ ಶುದ್ಧ ನೀರು ಕುಡಿದರೂ ಆ ಗೆರೆ ಅಳಿಯುವುದಿಲ್ಲ. ಹಿರಿಯರ ಬೆನ್ನಿನದೂ ಅದೇ ಕಥೆ: ಮೂಳೆಯಲ್ಲಿ ಹತ್ತಾರು ವರ್ಷ ಕೂತದ್ದನ್ನು ಹೊರಗೆ ತೆಗೆಯುವ ಮದ್ದಿಲ್ಲ. ನಮ್ಮ ಕಡೆಯ ಗ್ರಾನೈಟ್, ನೈಸ್ ಬಂಡೆಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಿದರೆ ಅದನ್ನು ಕುಡಿಯಬಾರದು. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಕಾಯಿಸಿದರೆ ನೀರು ಆವಿಯಾಗಿ ಹೋಗಿ ಫ್ಲೋರೈಡಿನ ಪ್ರಮಾಣ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಈ ರೋಗದಲ್ಲಿ ಇರುವುದು ಒಂದೇ ದಾರಿ, ಬರುವ ಮೊದಲಿನದು. ನಾನು ಬರೆದ ಪದವೋ ಬಂದ ಮೇಲಿನದು.

ಹಿರಿಯರು ಬಯ್ಯಲಿಲ್ಲ. “ಹಾಗಾದರೆ ಬೇರೆ ಏನಾದರೂ ಬರೆಸಬೇಕಿತ್ತು” ಎಂದಷ್ಟೇ ಹೇಳಿ ಬೈಕು ಹತ್ತಿಸಿಕೊಂಡು ಹೋದರು. ಏನು ಬರೆಸಬೇಕಿತ್ತು ಎಂಬುದೇ ನನ್ನ ಇವತ್ತಿನ ಉಪನ್ಯಾಸ.

‘ನಿವಾರಣೆ’ಯಿಂದಲೇ ತೊಡಗುತ್ತೇನೆ. ಸಂಸ್ಕೃತದಲ್ಲಿ ಅದು ತಡೆ, ಅಡ್ಡಗಟ್ಟು ಎಂಬ ಅರ್ಥದ ಮಾತೇ. ಆದರೆ ಕನ್ನಡದ ಬಾಯಿಯಲ್ಲಿ ಅದು ಇರುವುದನ್ನು ತೊಲಗಿಸುವ ಮಾತಾಗಿದೆ. ನೋವು ನಿವಾರಕ ಗುಳಿಗೆಯನ್ನು ನಾವು ನುಂಗುವುದು ತಲೆ ಸಿಡಿಯತೊಡಗಿದ ಮೇಲೆ. ದೋಷ ನಿವಾರಣೆಗೆ ಜ್ಯೋತಿಷಿಯ ಬಳಿ ಹೋಗುವುದು ಮದುವೆ ಮೂರು ಸಲ ಮುರಿದ ಮೇಲೆ. ಬಡತನ ನಿವಾರಣೆ ಎಂದಾಗ ಬಡತನ ಇದೆ ಎಂದು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. ಹಾಗಾಗಿ ಆ ಹಿರಿಯರು ಓದಿದ್ದು ಸರಿಯಾದ ಕನ್ನಡ, ನಾನು ಬರೆದದ್ದು ತಪ್ಪು.

ಈ ಪದದ ಮನೆಯಲ್ಲಿ ಇನ್ನೊಂದು ತಮಾಷೆಯಿದೆ. ‘ಅನಿವಾರ್ಯ’ ಎಂಬುದನ್ನು ನಾವು ದಿನಕ್ಕೆ ಎಷ್ಟು ಸಲ ಬಳಸುತ್ತೇವೆ? ಅನಿವಾರ್ಯವಾಗಿ ತಡವಾಯಿತು, ಅನಿವಾರ್ಯ ಕಾರಣಗಳಿಂದ ಸಭೆ ಮುಂದೂಡಿದೆ, ಅನಿವಾರ್ಯವಾಗಿ ಒಪ್ಪಿಕೊಂಡೆ. ತಡೆಯಲಾಗದ್ದು ಎಂದು ಅದರ ಅರ್ಥ. ‘ನಿವಾರ್ಯ’ ಎಂಬ ಪದವೂ ಇರಲೇಬೇಕಲ್ಲ? ನಿಘಂಟಿನ ಲೆಕ್ಕದಲ್ಲಿ ಇದೆ. ಆದರೆ ಒಂದು ಸಾವನ್ನು, ಒಂದು ಅಪಘಾತವನ್ನು ‘ನಿವಾರ್ಯ’ ಎಂದು ಕರೆದ ಪತ್ರಿಕಾ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ತಡೆಯಲಾಗದ್ದಕ್ಕೆ ನಾಲಿಗೆಯ ತುದಿಯಲ್ಲೇ ಪದವಿದೆ, ತಡೆಯಬಹುದಾಗಿತ್ತು ಎನ್ನುವುದಕ್ಕೆ ಇಡೀ ವಾಕ್ಯ ಕಟ್ಟಬೇಕು. ಇದು ನಮ್ಮ ಸ್ವಭಾವವೋ ಭಾಷೆಯ ಆಕಸ್ಮಿಕವೋ ನೀವೇ ಯೋಚಿಸಿ. ನನಗಂತೂ ಸ್ವಭಾವದ ಮೇಲೆಯೇ ಗುಮಾನಿ.

ಇನ್ನು ‘ತಡೆ’. ಇದು ಅಚ್ಚ ಕನ್ನಡದ್ದು, ನೆಲದಲ್ಲಿ ಬೆಳೆದದ್ದು. ‘ತಡ’ ಮತ್ತು ‘ತಡೆ’ ಒಂದೇ ಬೇರಿನ ಕುಡಿಗಳು: ಅಡ್ಡ ಬಂದರೆ ತಡವಾಗುತ್ತದೆ, ತಡವಾಗಿಸುವುದೇ ತಡೆ. ಹೊಲದ ಬದುವಿನ ಮೇಲೆ ನಿಂತು ಯಾರನ್ನಾದರೂ ‘ಸ್ವಲ್ಪ ತಡೆ’ ಎಂದು ಕೂಗಿದರೆ ಅವನು ನಿಲ್ಲುತ್ತಾನೆ, ಕಾಯುತ್ತಾನೆ, ಹೋಗುವುದನ್ನೇನೂ ಬಿಡುವುದಿಲ್ಲ. ಅದೇ ಕ್ರಿಯಾಪದಕ್ಕೆ ತಾಳಿಕೊಳ್ಳುವ ಅರ್ಥವೂ ಇದೆ. ‘ನೋವು ತಡೆಯಲಾರೆ’ ಎನ್ನುತ್ತೇವೆ, ‘ಈ ಹಗ್ಗ ಭಾರ ತಡೆಯುವುದಿಲ್ಲ’ ಎನ್ನುತ್ತೇವೆ. ‘ತಡೆದುಕೋ’ ಎಂದು ಅಮ್ಮ ಹೇಳಿದರೆ ಅದು ಸಹಿಸಿಕೋ ಎಂದರ್ಥ. ಅಂದರೆ ನಿಲ್ಲಿಸುವುದು, ತಡವಾಗಿಸುವುದು, ಸಹಿಸುವುದು ಮೂರಕ್ಕೂ ಒಂದೇ ಮಾತು. ನಮ್ಮ ಯೋಜನೆಗಳಲ್ಲಿ ಕೆಲವು ಮೊದಲನೆಯ ಅರ್ಥದಲ್ಲಿ ಶುರುವಾಗಿ ಎರಡನೆಯದನ್ನು ದಾಟಿ ಮೂರನೆಯದರಲ್ಲಿ ಮುಗಿಯುವುದನ್ನು ನೀವು ನೋಡಿರಬಹುದು.

‘ತಡೆಗಟ್ಟು’ ಇನ್ನೂ ಚೆನ್ನಾದ ಪದ. ತಡೆ ಮತ್ತು ಕಟ್ಟು ಕೂಡಿ ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿದೆ ಎಂದು ಶಾಲೆಯಲ್ಲಿ ಕಲಿತಿರುತ್ತೀರಿ. ಅದರೊಳಗೆ ಒಂದು ಕಟ್ಟಡವಿದೆ. ಎರೆ ಹೊಲದ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವವನ ಚಿತ್ರ ಕಾಣುತ್ತದೆ, ಗುದ್ದಲಿ, ಮಣ್ಣಿನ ಹೆಂಟೆ, ಬೆವರು ಸಹಿತ. ಇಲ್ಲಿ ಉರ್ದು ಬಲ್ಲವರಿಗೆ ಒಂದು ಮಾತು. ನಿಜಾಮರ ಕಾಲದ ಕಚೇರಿಗಳಿಂದ ನಮಗೆ ಉಳಿದುಬಂದ ‘ಬಂದೋಬಸ್ತ್’ ಕೂಡ ಪಾರಸಿಯಲ್ಲಿ ಕಟ್ಟುವುದು ಎಂಬ ಅರ್ಥದ್ದೇ. ಅದರ ಎರಡು ತುಂಡುಗಳೂ ಒಂದೇ ಧಾತುವಿನವು. ಕನ್ನಡದ ರೈತನಿಗೂ ಪಾರಸಿಯ ಗುಮಾಸ್ತನಿಗೂ ಮುಂಚಿತವಾಗಿ ಎಚ್ಚರ ವಹಿಸುವುದೆಂದರೆ ಕಟ್ಟುವುದೇ ಎಂದು ತೋಚಿರಬೇಕಾದರೆ ಅದರಲ್ಲಿ ಏನೋ ಹುರುಳಿದೆ. ಇನ್ನು ‘ಹುಷಾರ್’. ಎಚ್ಚರವಾಗಿರುವವನು ಎಂದು ಅದರ ಅರ್ಥ. ಕನ್ನಡಿಗರು ಕಾಯಿಲೆ ಬಿದ್ದರೆ ‘ಹುಷಾರಿಲ್ಲ’ ಎನ್ನುತ್ತೇವೆ. ಎಚ್ಚರವಿರಲಿಲ್ಲ, ಆದ್ದರಿಂದ ಮಲಗಿದ್ದೇನೆ ಎಂದು ಒಪ್ಪಿಕೊಂಡಂತೆ!

‘ನಿರೋಧ’ದ ಗತಿ ಬೇರೆ. ಯೋಗಶಾಸ್ತ್ರದಲ್ಲಿ ಚಿತ್ತವೃತ್ತಿಯನ್ನು ಹಿಡಿದು ನಿಲ್ಲಿಸುವ ಗಂಭೀರ ಪದವಾಗಿತ್ತು. 1968ರಲ್ಲಿ ಕೇಂದ್ರ ಸರ್ಕಾರ ಕುಟುಂಬ ಯೋಜನೆಯ ಒಂದು ಸಾಧನಕ್ಕೆ ಆ ಹೆಸರಿಟ್ಟಿತು. ಅಲ್ಲಿಂದ ಮುಂದೆ ಯಾವ ಮೇಷ್ಟರೂ ತರಗತಿಯಲ್ಲಿ ಅದನ್ನು ಒಂಟಿಯಾಗಿ ಉಚ್ಚರಿಸುವ ಧೈರ್ಯ ಮಾಡಿಲ್ಲ. ‘ರೋಗನಿರೋಧಕ ಶಕ್ತಿ’ ಎಂಬ ಸಮಾಸದ ನೆರಳಿನಲ್ಲಿ ಅದು ಹೇಗೋ ಬದುಕಿಕೊಂಡಿದೆ.

ಇಂಗ್ಲಿಷಿನ ಪದಕ್ಕೂ ಒಂದು ಹಳೆಯ ಕಥೆಯಿದೆ. ಲ್ಯಾಟಿನ್ನಿನ ‘ಪ್ರೇವೆನಿರೆ’ ಎಂದರೆ ಮೊದಲೇ ಬರುವುದು, ಮುಂದಾಗಿ ಬರುವುದು. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ಪ್ರಾರ್ಥನೆಗಳಲ್ಲಿ ಭಕ್ತರು ದೇವರನ್ನು ‘ನಮ್ಮ ಎಲ್ಲ ಕೆಲಸಗಳಲ್ಲೂ ನಮ್ಮನ್ನು ಪ್ರಿವೆಂಟ್ ಮಾಡು’ ಎಂದು ಬೇಡಿಕೊಳ್ಳುತ್ತಿದ್ದರು. ನಮ್ಮನ್ನು ತಡೆ ಎಂದಲ್ಲ, ನಮಗಿಂತ ಮುಂದೆ ನಡೆ ಎಂದು. ಸೂರ್ಯ ಹುಟ್ಟುವುದಕ್ಕಿಂತ ಮೊದಲೇ ಎದ್ದವನು ಬೆಳಗನ್ನು ‘ಪ್ರಿವೆಂಟ್’ ಮಾಡಿದವನು. ಆಮೇಲೆ ನಿಧಾನವಾಗಿ ಮುಂದೆ ಹೋಗಿ ಅಡ್ಡ ನಿಲ್ಲುವ ಅರ್ಥ ಉಳಿದು, ಮುಂದೆ ಹೋಗುವ ಅರ್ಥ ಸವೆದುಹೋಯಿತು. ಅನುವಾದಕರಾದ ನಮಗೆ ಸಿಕ್ಕಿದ್ದು ಆ ಸವೆದ ಪದ. ‘ತಡೆ’ಯಲ್ಲಿ ಅಡ್ಡ ನಿಲ್ಲುವುದು ಇದೆ, ಮುಂಚೆ ಹೋಗುವುದು ಇಲ್ಲ. ನಮ್ಮಲ್ಲಿ ಮುಂಚೆ ಹೋಗುವ ಕೆಲಸ ಮಾಡುವುದು ‘ಮುನ್’: ಮುನ್ನೆಚ್ಚರಿಕೆ, ಮುಂಜಾಗ್ರತೆ, ಮುಂದಾಲೋಚನೆ. ಎಚ್ಚರ ಮತ್ತು ಜಾಗ್ರತೆ ಎರಡೂ ನಿದ್ದೆ ಮಾಡದಿರುವ ಮಾತುಗಳು. ಒಳ್ಳೆಯ ಪದಗಳೇ. ಆದರೆ ಪತ್ರಿಕೆಯ ವರದಿಯಲ್ಲಿ ‘ಮುಂಜಾಗ್ರತಾ ಕ್ರಮವಾಗಿ ಬಿಗಿ ಬಂದೋಬಸ್ತ್ ಏರ್ಪಡಿಸಲಾಗಿದೆ’ ಎಂದು ಓದಿ ಓದಿ ಅವು ನಮ್ಮ ಕಿವಿಯಲ್ಲಿ ಲಾಠಿಯ ಸದ್ದು ಮಾಡತೊಡಗಿವೆ.

ಲಾಠಿ ಎಂದೊಡನೆ ಕಾಯ್ದೆಯ ಮಾತು ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಜನರಿಗೆ ಬಾಯಿಪಾಠವಾಗಿದ್ದ ಕಲಮು ‘ಒನ್ ನಾಟ್ ಸೆವೆನ್’. ಜಾತ್ರೆ, ಚುನಾವಣೆ ಹತ್ತಿರ ಬಂದರೆ ಎರಡು ಕಡೆಯವರನ್ನೂ ಕರೆಸಿ ಶಾಂತಿಯಿಂದ ಇರುತ್ತೇವೆಂದು ಮುಚ್ಚಳಿಕೆ ಬರೆಸಿಕೊಳ್ಳುವುದು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ಅದು 126ನೆಯ ಕಲಮಾಗಿದೆ. ಜನರ ಬಾಯಿಯಲ್ಲಿ ಇನ್ನೂ ಹಳೆಯ ನಂಬರೇ. ಅಪರಾಧ ನಡೆಯುವ ಮೊದಲು ಕೆಲಸ ಮಾಡುವ ಕಲಮು ಎಂಬ ಕಾರಣಕ್ಕೆ ಅದು ನಿಜವಾಗಿಯೂ ತಡೆಯ ಕಲಮು. ಹೆಸರಿನಲ್ಲೇ ‘ತಡೆ’ ಇರುವ ದೊಡ್ಡ ಕಾಯ್ದೆಗಳು ಹಾಗಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಬಹುಪಾಲು, ಲಂಚ ಕೈ ಬದಲಾದ ಮೇಲೆ ಏನು ಶಿಕ್ಷೆ ಎಂಬುದೇ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಹೆಚ್ಚಾಗಿ ಶಿಕ್ಷೆಯ ಕಾಯ್ದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆದದ್ದು 2014ರ ಆಗಸ್ಟಿನಲ್ಲಿ. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹತ್ತು ವರ್ಷ. ಆ ತೀರ್ಪು ಸಣ್ಣದೆಂದು ನಾನು ಹೇಳುತ್ತಿಲ್ಲ, ಆದರೆ ಅದಕ್ಕೆ ‘ತಡೆ’ ಎಂದು ಹೆಸರಿಡಲು ನನ್ನ ಪೆನ್ನು ಹಿಂಜರಿಯುತ್ತದೆ. ಇದೇ ಕಾಯ್ದೆಯ 1995ರ ನಿಯಮಗಳಲ್ಲಿ ಮೂರನೆಯದು ನಿಜವಾದ ತಡೆಯ ಮಾತನಾಡುತ್ತದೆ: ದೌರ್ಜನ್ಯ ನಡೆಯಬಹುದಾದ ಊರುಗಳನ್ನು ಮೊದಲೇ ಗುರುತಿಸಿಡಬೇಕು ಎನ್ನುತ್ತದೆ. ಆ ನಿಯಮವನ್ನು ಪ್ರಸ್ತಾಪಿಸುವವರು ಕಡಿಮೆ.

ಬಾಲ್ಯವಿವಾಹದ ಕಾಯ್ದೆಯಲ್ಲಿ ತದ್ವಿರುದ್ಧ. 2006ರ ಆ ಕಾಯ್ದೆಯ ಹೆಸರಿನಲ್ಲಿರುವುದು ‘ನಿಷೇಧ’. ಒಳಗಿರುವುದು ಮಾತ್ರ ತಡೆ, ಅದೂ ಅಪ್ಪಟ ತಡೆ. ಮದುವೆ ನಡೆಯಲಿದೆ ಎಂದು ಗೊತ್ತಾದರೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಆಜ್ಞೆ ಮೀರಿ ತಾಳಿ ಕಟ್ಟಿದರೂ ಆ ಮದುವೆ ಅಸಿಂಧು. ಇನ್ನೂ ಸ್ವಾರಸ್ಯವೆಂದರೆ ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹಗಳಾಗದಂತೆ ನೋಡುವ ಹೊಣೆಯನ್ನು ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರ ಹೆಗಲಿಗೆ ಹಾಕಿದೆ, ಅಕ್ಷಯ ತೃತೀಯ ಎಂಬ ಹೆಸರನ್ನೇ ಬರೆದು. ಕಾಯ್ದೆಯೊಂದು ಪಂಚಾಂಗ ತೆರೆದು ನೋಡಿದೆ! ಮುಂದಾಗಿ ಹೋಗುವುದೆಂದರೆ ಇದು. ದೇವದಾಸಿ ಪದ್ಧತಿಯ ವಿಷಯದಲ್ಲೂ ಪದಗಳು ಸರಿದಿವೆ. 1982ರ ಕಾಯ್ದೆಯ ಹೆಸರಿನಲ್ಲಿ ಸಮರ್ಪಣೆಯ ನಿಷೇಧವಷ್ಟೇ ಇತ್ತು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯ ಹೆಸರಿನಲ್ಲಿ ನಿಷೇಧಕ್ಕಿಂತ ಮೊದಲು ತಡೆಗಟ್ಟುವಿಕೆ ಬಂದು ಕೂತಿದೆ, ಪರಿಹಾರವೂ ಪುನರ್ವಸತಿಯೂ ಅದರ ಹಿಂದೆ. ನಾಲ್ಕು ದಶಕದಲ್ಲಿ ಒಂದು ಪದ ಸಾಲಿನ ಮುಂದಕ್ಕೆ ಬಂದಿತು.

ತುಂಗಭದ್ರೆಯ ಮಾತು ಆಡದೆ ಈ ಜಿಲ್ಲೆಯಲ್ಲಿ ತಡೆಯ ಬಗ್ಗೆ ಮಾತನಾಡಿದರೆ ನೀವು ಎದ್ದು ಹೋಗುತ್ತೀರಿ. 2024ರ ಆಗಸ್ಟ್ 10, ಶನಿವಾರ ರಾತ್ರಿ. ಜಲಾಶಯ ತುಂಬಿ ನಿಂತಿತ್ತು. 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಹರಿಯುವ ನೀರಿನಲ್ಲೇ ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ಅಡ್ಡಹಲಗೆಗಳ, ಅಂದರೆ ಸ್ಟಾಪ್‌ಲಾಗ್‌ನ ಮೊದಲ ತುಂಡನ್ನು ಕೂರಿಸಲು ಸಾಧ್ಯವಾದದ್ದು 16ರಂದು. ಆ ವಾರವಿಡೀ ಸಿಂಧನೂರಿನಿಂದ ಸಿರುಗುಪ್ಪದವರೆಗೆ ಭತ್ತದ ರೈತರು ಮೊಬೈಲಿನಲ್ಲಿ ನೋಡುತ್ತಿದ್ದದ್ದು ಒಂದೇ ದೃಶ್ಯ: ಬಾಗಿಲಿಲ್ಲದ ಕಂಡಿಯಿಂದ ಬೆಳ್ಳಗೆ ಧುಮುಕುವ ತಮ್ಮ ನೀರು. ಅಣೆಕಟ್ಟು ಎಂಬುದು ನೀರಿಗೆ ಕಟ್ಟಿದ ತಡೆ. ಆ ತಡೆಯನ್ನು ಹಿಡಿದು ನಿಲ್ಲಿಸಿದ್ದು ಒಂದು ಸರಪಳಿ. ಆ ಸರಪಳಿಗೆ ಏನೂ ಆಗದ ಹಾಗೆ ನೋಡಿಕೊಳ್ಳುವುದು ಕಟ್ಟುವ ಕೆಲಸವಲ್ಲ, ನೋಡುವ ಕೆಲಸ. 1953ರಿಂದ ನೀರು ಹಿಡಿದು ನಿಂತ ಅಣೆಕಟ್ಟನ್ನು ಕಟ್ಟಿದವರನ್ನು ನಾವು ನೆನೆಯುತ್ತೇವೆ, ಸರಿ. ಸರಪಳಿಯ ಒಂದೊಂದು ಕೊಂಡಿಗೂ ಬ್ಯಾಟರಿ ಬಿಟ್ಟು ನೋಡಿ, ಗ್ರೀಸು ಹಚ್ಚಿ, ‘ಇದು ಸವೆದಿದೆ’ ಎಂದು ಪುಸ್ತಕದಲ್ಲಿ ಬರೆದಿಟ್ಟ ಕೆಲಸಗಾರನಿಗೆ ಯಾರು ಹಾರ ಹಾಕುತ್ತಾರೆ? ಅವನ ಕೆಲಸ ಸರಿಯಾಗಿ ನಡೆದರೆ ಏನೂ ನಡೆಯುವುದಿಲ್ಲ. ಏನೂ ನಡೆಯದಿದ್ದುದರ ಫೋಟೊ ತೆಗೆಯಲು ಬರುವುದಿಲ್ಲ. ಮರುವರ್ಷ 80 ಟಿಎಂಸಿ ಅಡಿಗೆ ಸಂಗ್ರಹ ಮಿತಿಗೊಳಿಸಿ, ಎಲ್ಲ ಗೇಟುಗಳನ್ನು ಬದಲಿಸುವುದಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲ ಎಂದರು. ಒಂದು ಸರಪಳಿಯ ಬೆಲೆಯನ್ನು ಹೀಗೆ ಭತ್ತದ ಚೀಲದಲ್ಲಿ ಲೆಕ್ಕ ಹಾಕಬೇಕಾಯಿತು.

‘ನೋಡಿಕೊಳ್ಳುವುದು’ ಎಂದೆ. ನಾನು ಹುಡುಕುತ್ತಿದ್ದ ಪದ ಇದೇ, ಆದರೆ ಇದು ಪದವಲ್ಲ, ವಾಕ್ಯದ ಒಂದು ಜಾಡು. ಅಜ್ಜಿಯಂದಿರನ್ನು ಕೇಳಿ ನೋಡಿ. ‘ತಡೆಗಟ್ಟುವಿಕೆ’ ಎಂದು ಯಾವ ಅಜ್ಜಿಯೂ ಹೇಳಿಲ್ಲ. ಮಗು ಬೀಳದ ಹಾಗೆ ನೋಡಿಕೋ. ಹಾಲು ಉಕ್ಕದ ಹಾಗೆ ನೋಡಿಕೋ. ಕಾಳಿಗೆ ಹುಳು ಬೀಳದ ಹಾಗೆ ಬೇವಿನ ಸೊಪ್ಪು ಹಾಕು. ಬೀಳದ, ಉಕ್ಕದ, ಬಾರದ: ಈ ನಿಷೇಧರೂಪಗಳು ಇನ್ನೂ ಆಗದಿರುವುದನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತವೆ. ಹಾಲು ಉಕ್ಕಿಲ್ಲ, ಆದರೆ ಉಕ್ಕುವುದು ಕಾಣುತ್ತಿದೆ. ಬೆನ್ನಿಗೇ ‘ನೋಡಿಕೋ’ ಬರುತ್ತದೆ. ಒಲೆಯ ಮುಂದೆ ಒಬ್ಬರು ಕೂತಿರಲೇಬೇಕು. ಈ ವಾಕ್ಯದಲ್ಲಿ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಕಣ್ಣಿದೆ. ಕಚೇರಿಯಲ್ಲಿ ಇದನ್ನೇ ‘ತಡೆಗಟ್ಟುವಿಕೆ’ ಎಂದು ನಾಮಪದ ಮಾಡಿ, ಕೊನೆಗೆ ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸೇರಿಸಿದೆವು. ಮನುಷ್ಯನೂ ಹೋದ, ಕಣ್ಣೂ ಹೋಯಿತು.

ಡೆಂಗಿ ಕರಪತ್ರ ಇದಕ್ಕೆ ಒಳ್ಳೆಯ ಉದಾಹರಣೆ. ‘ನೀರು ಸಂಗ್ರಹಿಸದಿರುವುದು’ ಎಂದು ಅದರಲ್ಲಿ ಒಂದು ಸಾಲು ಇರುತ್ತದೆ. ನಾನೇ ಅನೇಕ ಸಲ ಬರೆದಿದ್ದೇನೆ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಓಣಿಯಲ್ಲಿ ಇದನ್ನು ಹಂಚಿದರೆ ಜನ ನಗುತ್ತಾರೆ. ಸಂಗ್ರಹಿಸದೆ ಕುಡಿಯುವುದೇನನ್ನು? ಅಲ್ಲಿ ಹೇಳಬೇಕಾದದ್ದು ಡ್ರಮ್ಮಿನ ಮಾತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ತಿಳಿನೀರಿನ ಮೇಲ್ಮಟ್ಟಕ್ಕೆ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಡ್ರಮ್ಮನ್ನು ಬರಿದು ಮಾಡಿ ಒಣಗಿಸಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ಮುಟ್ಟಿದೊಡನೆ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು, ಮೇಲೆ ಬಟ್ಟೆ ಬಿಗಿದು ಕಟ್ಟಬೇಕು. ‘ಉಜ್ಜಿ’ ಎಂಬ ಎರಡಕ್ಷರ ನನ್ನ ಎಷ್ಟೋ ಕರಪತ್ರಗಳಲ್ಲಿ ಇರಲಿಲ್ಲ. ‘ಪರಿಣಾಮಕಾರಿ ತಡೆಗಟ್ಟುವಿಕೆ’ ಎಂಬುದು ಎಲ್ಲದರಲ್ಲೂ ಇತ್ತು.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಹಿಂದಿನ ಸಾಲಿನಲ್ಲಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯೊಬ್ಬರು ಕೂತಿದ್ದರು. ಮಗಳು ಅದೇ ಕಾಲೇಜಿನಲ್ಲಿ ಓದುತ್ತಾಳಂತೆ. ಆ ಬ್ಯಾನರನ್ನು ಈಗ ಬರೆಯುವುದಾದರೆ ಏನು ಬರೆಯುತ್ತೀರಿ ಎಂದು ಕೇಳಿದರು. ನಾನು ಸಿದ್ಧವಾಗಿಯೇ ಹೋಗಿದ್ದೆ. “ಮಕ್ಕಳ ಹಲ್ಲು, ಹಿರಿಯರ ಬೆನ್ನು ಕೆಡದ ಹಾಗೆ ನೋಡಿಕೊಳ್ಳೋಣ” ಎಂದು ಓದಿದೆ. ಒಂದಿಷ್ಟು ಚಪ್ಪಾಳೆಯೂ ಬಂತು.

ಅವರು ಕೂರಲಿಲ್ಲ. “ನೋಡಿಕೊಳ್ಳೋಣ ಎಂದರೆ ಯಾರು ಸರ್? ನಾನು ಮನೆಮನೆಗೆ ಹೋಗಿ ಈ ಕೊಳವೆಬಾವಿಯ ನೀರು ಕುಡಿಯಬೇಡಿ ಎನ್ನಬಹುದು. ಬೇರೆ ನೀರು ಎಲ್ಲಿದೆ ಎಂದು ಅವರು ಕೇಳುತ್ತಾರೆ. ಅಲ್ಲಿ ನೋಡಿಕೊಳ್ಳಬೇಕಾದವರು ನಾನೂ ಅಲ್ಲ, ಆ ತಾಯಿಯೂ ಅಲ್ಲ.” ನಾನು ನನ್ನ ಹಾಳೆಯ ಮೇಲೆ ‘ನೋಡಿಕೊಳ್ಳೋಣ’ ಎಂಬುದನ್ನು ಹೊಡೆದು, ಅದರ ಮೇಲೆ ಏನು ಬರೆಯಬೇಕೆಂದು ಅವರನ್ನೇ ಕೇಳಿದೆ. “ಮೊದಲು ನೀರು ತರುವವರ ಹೆಸರು ಬರೆಯಿರಿ” ಎಂದರು.